ಮಲ್ಲಿಗೆ ಕುಂಡಗಳಿಗೆ ನಾನು ಹಾಕಿದ ಬೂದಿ

ಹಳದಿ ಮೊದಲು ಕಂಡದ್ದು ಹೊಸ ಚಿಗುರಿನಲ್ಲಿ. ಹಳೆಯ ಎಲೆ ಹಳದಿಯಾದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಅದರ ಕಾಲ ಮುಗಿದಿರುತ್ತದೆ. ಆದರೆ ಫೆಬ್ರವರಿ ಕೊನೆಯ ಆ ಬೆಳಿಗ್ಗೆ ನಾಲ್ಕನೇ ಸಾಲಿನ ಒಂದು ಮಲ್ಲಿಗೆ ಗಿಡದಲ್ಲಿ, ಅದೇ ವಾರ ಬಿಟ್ಟ ಎಲೆ ನಿಂಬೆ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ನರಗಳು ಮಾತ್ರ ಹಸಿರಾಗಿ ಉಳಿದು, ಯಾರೋ ಪೆನ್ನಿನಲ್ಲಿ ಗೀರು ಎಳೆದ ಹಾಗೆ ಕಾಣುತ್ತಿತ್ತು. ಸಂಜೆಯ ಹೊತ್ತಿಗೆ ಅಂಥ ಗಿಡ ಆರು ಎಣಿಸಿದೆ. ಮರುದಿನ ಇಪ್ಪತ್ತು.

ಕುವೈತಿನ ಆ ನರ್ಸರಿಯಲ್ಲಿ ಮಲ್ಲಿಗೆ ಶೆಡ್ಡಿನ ಉಸ್ತುವಾರಿ ನನ್ನದು. ನೂರ ನಲವತ್ತು ಕುಂಡ. ಒಂದೊಂದಕ್ಕೂ ಕಡ್ಡಿ ಕತ್ತರಿಸಿ ಬೇರು ಬರಿಸಿದವನು ನಾನೇ. ಮಾಲೀಕರು, ಅಂದರೆ ನಮ್ಮ ಕಫೀಲ್, ಅಷ್ಟನ್ನೂ ತಮ್ಮ ಅಕ್ಕನ ಹೊಸ ಮನೆಯ ಅಂಗಳಕ್ಕೆಂದು ಗೊತ್ತುಮಾಡಿದ್ದರು. ಜನವರಿಯಲ್ಲಿ ಗಿಡಗಳನ್ನು ದೊಡ್ಡ ಕುಂಡಕ್ಕೆ ಏರಿಸಿದ್ದೆ. ಬಿಸಿಲು ಜೋರಾಗುವ ಮೊದಲು, ಏಪ್ರಿಲ್ ಹೊತ್ತಿಗೆ, ಅವು ಆ ಅಂಗಳಕ್ಕೆ ಹೋಗಬೇಕಿತ್ತು.

ಎಲೆ ಹಳದಿಯಾದರೆ ಹಸಿವು ಅಂತಲೇ ನಾನು ತಿಳಿದವನು. ಗೊಬ್ಬರ ಹಾಕಿದೆ. ನಾಲ್ಕು ದಿನ ಕಾಯಬೇಕಿತ್ತು, ಎರಡೇ ದಿನಕ್ಕೆ ಇನ್ನೊಮ್ಮೆ ಹಾಕಿದೆ. ಸುಮ್ಮನೆ ನಿಂತು ನೋಡುವುದು ನನ್ನ ಕೈಲಿ ಆಗುವುದಿಲ್ಲ. ಊಟದ ಬಿಡುವಿನಲ್ಲಿ ಉಳಿದವರು ನೆರಳಿಗೆ ಹೋಗಿ ಮಲಗಿದರೆ ನಾನು ಸಾಲುಗಳ ನಡುವೆ ಓಡಾಡುತ್ತಿದ್ದೆ. ಎಲೆ ಮಗುಚಿ ನೋಡುವುದು, ಮಣ್ಣು ಕೆದಕಿ ನೋಡುವುದು. ವಾರ ಕಳೆದಾಗ ಹಳದಿ ಹಾಗೆಯೇ ಇತ್ತು. ಜೊತೆಗೆ ಎಲೆಯ ಅಂಚು ಕಂದಾಗಿ ಸುಟ್ಟಿತ್ತು. ಅದು ಗೊಬ್ಬರದ ಉಪ್ಪು ಹೆಚ್ಚಾಗಿ ಆದದ್ದು.

ಕಫೀಲ್ ಬಂದದ್ದು ಅದೇ ದಿನ. ಶೆಡ್ಡಿನ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಒಂದು ಸುತ್ತು ಕಣ್ಣು ಹಾಯಿಸಿದರು. ಅವರ ಹಿಂದಿ ಅರ್ಧ, ಅರಬ್ಬಿ ಅರ್ಧ. ಆದರೂ ಅರ್ಥವಾಗದೆ ಹೋಗುವುದಿಲ್ಲ.

"ಇದು ಯಾರ ಕೆಲಸ?"

ಆ ಶೆಡ್ಡಿನಲ್ಲಿ ನಾವಿದ್ದದ್ದು ಇಬ್ಬರು. ನಾನು, ಮತ್ತು ನೀರು ಬಿಡುವ ಬಾಂಗ್ಲಾದೇಶದ ಮುದುಕ. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು. ನರ್ಸರಿಗೆ ಎರಡು ಪೈಪು ಬರುತ್ತವೆ, ಒಂದರಲ್ಲಿ ಸಿಹಿನೀರು, ಇನ್ನೊಂದರಲ್ಲಿ ನೆಲದಡಿಯ ಉಪ್ಪುನೀರು. ಖರ್ಜೂರಕ್ಕೆ ಉಪ್ಪುನೀರು ನಡೆಯುತ್ತದೆ, ಮಲ್ಲಿಗೆಗೆ ನಡೆಯುವುದಿಲ್ಲ. ನನ್ನ ಬಾಯಿಂದ ಮಾತು ಎಷ್ಟು ಬೇಗ ಬಂತೆಂದರೆ, ಯೋಚಿಸಿ ಹೇಳಿದೆ ಎಂದು ಈಗಲೂ ಹೇಳಲಾರೆ.

"ನೀರಿನದ್ದು ಬಾಬಾ. ಯಾವತ್ತೋ ಉಪ್ಪುನೀರಿನ ವಾಲ್ವ್ ತೆರೆದಿರಬೇಕು."

ಚಾಚಾ ಪೈಪು ಸುತ್ತುತ್ತಿದ್ದವನು ಹಾಗೆಯೇ ನಿಂತ. "ನಾನಾ? ಅಲ್ಲಾಹ್ ಕಸಂ, ನಾನು ಆ ವಾಲ್ವ್ ಮುಟ್ಟಿಲ್ಲ."

ಕಫೀಲ್ ವಾದ ಕೇಳುವವರಲ್ಲ. ಮಾರ್ಚ್ ಕೊನೆಯವರೆಗೆ ಗಡುವು ಕೊಟ್ಟರು. ಅಷ್ಟರಲ್ಲಿ ಗಿಡ ಹಸಿರಾಗದಿದ್ದರೆ ಚಾಚಾ ವಫ್ರಾಕ್ಕೆ. ಅಲ್ಲಿ, ದಕ್ಷಿಣದ ತುದಿಯಲ್ಲಿ, ಅವರದೊಂದು ತರಕಾರಿ ಫಾರ್ಮ್ ಇದೆ. ಕೆಲಸ ಕೆಲಸವೇ, ಅದಲ್ಲ ತೊಂದರೆ. ಚಾಚಾನ ಮಗ ಅಬ್ಬಾಸಿಯಾ ಬಡಾವಣೆಯಲ್ಲಿ ದರ್ಜಿ. ಶುಕ್ರವಾರ ಇಬ್ಬರೂ ಒಟ್ಟಿಗೆ ನಮಾಜು ಮುಗಿಸಿ, ಒಟ್ಟಿಗೆ ಮೀನು ಸಾರು ಮಾಡಿ ಉಣ್ಣುತ್ತಿದ್ದರು. ಮಗನ ರೂಮಿದ್ದ ಕಟ್ಟಡದಲ್ಲೇ ನನ್ನ ರೂಮೂ. ಆ ಸಾರಿನ ಒಗ್ಗರಣೆ ವಾಸನೆ ನಮ್ಮ ಮಹಡಿಗೂ ಬರುತ್ತಿತ್ತು. ವಫ್ರಾಕ್ಕೆ ಹೋದವನು ಶುಕ್ರವಾರ ಬಂದು ಹೋಗುವುದು ಆಗದ ಮಾತು. ಗಾಡಿ ಕೊಡುವವರು ಯಾರು?

ಗಿಡ ಹಸಿರಾದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದೆ. ಚಾಚಾನೂ ಉಳಿಯುತ್ತಾನೆ, ನನ್ನ ಮಾತೂ ಉಳಿಯುತ್ತದೆ.

ಊರಿನ ಗೊಬ್ಬರದ ಅಂಗಡಿಗಳಲ್ಲಿ ಅನ್ನಭೇದಿ ಎಂದು ಕರೆಯುವ ತಿಳಿಹಸಿರು ಹರಳು ಇಲ್ಲಿಯೂ ಸಿಗುತ್ತದೆ. ಅದು ಕಬ್ಬಿಣದ ಉಪ್ಪು. ನರ ಹಸಿರು, ಎಲೆ ಹಳದಿ ಎಂದರೆ ಕಬ್ಬಿಣದ ಕೊರತೆ ಎಂದು ಅಂಗಡಿಯವನು ಹೇಳಿದ. ಅವನು ಹೇಳಿದ್ದು ಸರಿಯೇ ಆಗಿತ್ತು. ನೀರಿನಲ್ಲಿ ಕರಗಿಸಿ ಕುಂಡಕ್ಕೆ ಸುರಿದೆ. ಎರಡು ದಿನಕ್ಕೆ ಮಣ್ಣಿನ ಮೇಲೆ ತುಕ್ಕಿನ ಬಣ್ಣದ ಕೆನೆ ಕಟ್ಟಿತು. ಎಲೆಗೆ ಏನೂ ಆಗಲಿಲ್ಲ. ಹಾಕಿದ ಕಬ್ಬಿಣ ಮಣ್ಣಿನಲ್ಲೇ ಕೂತಿದೆ, ಬೇರು ಮುಟ್ಟುತ್ತಿಲ್ಲ. ಯಾಕೆ ಎಂದು ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಒಬ್ಬ ಗಿರಾಕಿಯಿಂದ. ಜಾಬ್ರಿಯಾದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮೈಸೂರು ಕಡೆಯ ಮೇಡಂ. ಬಾಲ್ಕನಿಯಲ್ಲಿ ಕರಿಬೇವು ಬೆಳೆಸುವ ಹಟ ಅವರಿಗೆ. ಮೂರು ಗಿಡ ಸಾಯಿಸಿ ನಾಲ್ಕನೆಯದಕ್ಕೆ ಬಂದಿದ್ದರು. ನನ್ನ ಸಾಲುಗಳನ್ನು ನೋಡಿ ನಿಂತರು.

"ಅಯ್ಯೋ, ಏನ್ರೀ ಅಣ್ಣಾ ಇದು, ನನ್ನ ಬಾಲ್ಕನಿ ಇಲ್ಲಿಗೇ ಬಂದುಬಿಟ್ಟಿದ್ಯಲ್ಲ!"

ಬೇರೆ ದಿನವಾದರೆ ನಗುತ್ತಿದ್ದೆ. "ನೀರಿನ ದೋಷ ಮೇಡಂ," ಎಂದೆ.

"ಮಣ್ಣಿನ ಪಿಎಚ್ ನೋಡಿದ್ರಾ? ಹುಳಿನೋ ಕ್ಷಾರನೋ ಅಂತ?"

ನನ್ನಲ್ಲಿ ಮಣ್ಣಿಗೆ ಚುಚ್ಚುವ ಮೀಟರ್ ಇತ್ತು. ತೋರಿಸಿದೆ. ಅದು ಏಳು ಎನ್ನುತ್ತಿತ್ತು. ಅವರು ಅದನ್ನು ಪಕ್ಕದ ಕುಂಡಕ್ಕೆ ಚುಚ್ಚಿದರು, ಏಳು. ಕೈಯಲ್ಲಿದ್ದ ಜ್ಯೂಸ್ ಡಬ್ಬಿಗೆ ಅದ್ದಿದರು, ಆಗಲೂ ಏಳು.

"ಇದಕ್ಕೆ ಏಳು ಬಿಟ್ಟು ಬೇರೆ ಬರಲ್ಲ ಅನ್ಸುತ್ತೆ," ಎಂದರು.

ಮುಂದಿನ ಶನಿವಾರ ತಮ್ಮ ಯಜಮಾನರ ಮೀನಿನ ತೊಟ್ಟಿಯ ಪೆನ್ ಮೀಟರ್ ತಂದರು. ಜೊತೆಗೆ ಎರಡು ಪುಟ್ಟ ಪೊಟ್ಟಣ. ಅದರ ಪುಡಿಯನ್ನು ನೀರಿನಲ್ಲಿ ಕಲಸಿದರೆ ಒಂದರಲ್ಲಿ ನಾಲ್ಕು, ಒಂದರಲ್ಲಿ ಏಳು ಬರಲೇಬೇಕು. ಬಾರದಿದ್ದರೆ ಮೀಟರನ್ನು ತಿದ್ದಬೇಕು. ತೂಕದ ಕಲ್ಲಿನಿಂದ ತಕ್ಕಡಿ ಪರೀಕ್ಷಿಸಿದ ಹಾಗೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ತಕ್ಕಡಿ ನನಗೆ ಅರ್ಥವಾಗುತ್ತದೆ.

ವಿಧಾನವನ್ನು ಅವರೇ ಮಾಡಿ ತೋರಿಸಿದರು. ಮೇಲಿನ ಮಣ್ಣಲ್ಲ, ಬೇರಿರುವ ಆಳದಿಂದ ಒಂದು ಲೋಟ ಮಣ್ಣು. ಅದಕ್ಕೆ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರು ಎರಡು ಲೋಟ. ಚೆನ್ನಾಗಿ ಕಲಕಿ ಅರ್ಧ ಗಂಟೆ ಬಿಡಬೇಕು. ಆಮೇಲೆ ಮೇಲಿನ ತಿಳಿಗೆ ಮೀಟರ್ ಅದ್ದಬೇಕು. ಆ ಅರ್ಧ ಗಂಟೆ ನಾನು ಮೂರು ಸಲ ಎದ್ದು ಬಂದು ಲೋಟ ಇಣುಕಿ ನೋಡಿದೆ.

ಎಂಟು ಪಾಯಿಂಟ್ ಆರು.

"ಏಳಕ್ಕೂ ಎಂಟೂವರೆಗೂ ಏನು ದೊಡ್ಡ ವ್ಯತ್ಯಾಸ ಮೇಡಂ? ಒಂದೂವರೆ ಅಲ್ವಾ?"

"ಅಲ್ಲಾ ಅಣ್ಣಾ, ಇದು ಮೆಟ್ಟಿಲಿನ ಲೆಕ್ಕ ಅಲ್ಲ. ಒಂದು ನಂಬರ್ ಮೇಲೆ ಹೋದ್ರೆ ಹತ್ತು ಪಟ್ಟು. ಎರಡು ಹೋದ್ರೆ ನೂರು ಪಟ್ಟು. ಇಷ್ಟು ಕ್ಷಾರ ಇದ್ರೆ ನೀವು ಕಬ್ಬಿಣದ ಸರಳೇ ನೆಟ್ರೂ ಗಿಡಕ್ಕೆ ಸಿಗಲ್ಲ."

ನಾನು ಹಳದಿಯ ಹಿಂದೆ ಬಿದ್ದಿದ್ದೆ. ಕೆಟ್ಟದ್ದು ಅದರ ಕೆಳಗಿನ ಸಂಖ್ಯೆ. ಸರಿ, ಸಂಖ್ಯೆ ಇಳಿಸಿದರಾಯಿತು. ಅವತ್ತೇ ಸಂಜೆ ರೂಮಿಗೆ ಬಂದು ಅಡುಗೆಮನೆಯ ವಿನೆಗರ್ ಬಾಟಲಿ ಎತ್ತಿಕೊಂಡೆ. ಹೋಟೆಲಿನಲ್ಲಿ ಅಡುಗೆ ಮಾಡುವ ನಮ್ಮ ರೂಮಿನವನು ನೋಡಿದ.

"ಎಂತ ಮಾರಾಯ, ಮಲ್ಲಿಗೆ ಉಪ್ಪಿನಕಾಯಿ ಹಾಕ್ತೀಯಾ?"

"ಹಾಕ್ತೇನೆ. ನಿನಗೆ ಮೊದಲ ತುತ್ತು."

ವಿನೆಗರ್ ನೀರು ಹಾಕಿದ ಐದು ಕುಂಡ ಮರುದಿನ ಆರೂವರೆ ತೋರಿಸಿದವು. ಕುಣಿಯುವುದೊಂದು ಬಾಕಿ. ಮೂರನೆಯ ದಿನ ಅವೇ ಕುಂಡಗಳು ಎಂಟು ಪಾಯಿಂಟ್ ನಾಲ್ಕು. ಒಳಗಿನಿಂದ ಯಾರೋ ಸಂಖ್ಯೆಯನ್ನು ಮೇಲಕ್ಕೆ ದೂಡುತ್ತಿದ್ದ ಹಾಗಿತ್ತು. ತಿಂಗಳು ಮುಗಿಯಲು ಹನ್ನೆರಡು ದಿನ ಉಳಿದಿತ್ತು. ನಾನು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ಡಿನ ಚೀಲ ತಂದು, ಮೇಡಂ ಫೋನಿನಲ್ಲಿ ಹೇಳಿದ ಅಳತೆಗಿಂತ ನಾಲ್ಕು ಪಟ್ಟು ಗಟ್ಟಿಯಾಗಿ ಕಲಸಿ, ಒಂಬತ್ತು ಕುಂಡಕ್ಕೆ ಹೊಯ್ದೆ. ಒಂಬತ್ತೂ ಎಲೆ ಉದುರಿಸಿ ಕಡ್ಡಿಯಾದವು. ಒಂದನ್ನು ಕಿತ್ತು ನೋಡಿದೆ; ಬೇರಿನ ತುದಿಗಳು ನೆನೆದ ಬೀಡಿಯ ಹಾಗೆ ಕಂದಾಗಿ ಕೈಗೆ ಬಂದವು.

ಚಾಚಾ ಅಷ್ಟು ದಿನ ನನ್ನೊಡನೆ ಮಾತು ಬಿಟ್ಟಿದ್ದ. ಅವತ್ತು ಸತ್ತ ಗಿಡ ನೋಡಿ ಬಾಯಿ ತೆರೆದ.

"ಇದೂ ನನ್ನ ನೀರೇನಾ ಭಾಯಿ?"

ನಾನು ಉಳಿದ ಕುಂಡಗಳನ್ನು ಅಳೆಯಲು ಕೂತೆ. ಒಂದೂ ಬಿಡದೆ, ಸಾಲು ಹಿಡಿದು, ಪ್ರತಿ ಕುಂಡದ ಅಂಚಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯುತ್ತಾ. ಎರಡು ದಿನ ಹಿಡಿಯಿತು. ಎಂಟೂವರೆ, ಎಂಟು ಆರು, ಎಂಟು ಏಳು. ಕಡೆಯ ಸಾಲಿಗೆ ಬಂದಾಗ ಏಳು ಪಾಯಿಂಟ್ ನಾಲ್ಕು ಬಂತು. ಮೀಟರ್ ಕೆಟ್ಟಿತೆಂದು ಪೊಟ್ಟಣದ ನೀರಿಗೆ ಅದ್ದಿ ನೋಡಿದೆ. ಮೀಟರ್ ಸರಿಯಿತ್ತು. ಆ ಸಾಲಿನ ಹನ್ನೊಂದು ಕುಂಡಗಳಲ್ಲೂ ಏಳೂವರೆಯ ಒಳಗೇ. ತಲೆ ಎತ್ತಿ ನೋಡಿದರೆ ಹನ್ನೊಂದೂ ಹಸಿರು. ಇಷ್ಟು ದಿನ ಹಳದಿ ಎಲೆಗಳನ್ನೇ ಎಣಿಸುತ್ತಿದ್ದವನಿಗೆ ಹಸಿರು ಕಂಡಿರಲಿಲ್ಲ.

ಅದೇ ನೀರು. ಅದೇ ವಾಲ್ವ್. ಅದೇ ಮರಳು, ಅದೇ ಪೀಟ್ ಮಾಸ್ ಪಾಚಿಪುಡಿ, ಅದೇ ದನದ ಗೊಬ್ಬರ. ಹನ್ನೊಂದರಲ್ಲಿ ಇಲ್ಲದ್ದು ಒಂದೇ ಒಂದು. ಬೂದಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕರಾವಳಿಯಲ್ಲಿ ನಮ್ಮ ಕಡೆ ಮಲ್ಲಿಗೆ ಬುಡಕ್ಕೆ ಸುಡುಮಣ್ಣು ಹಾಕುತ್ತಾರೆ. ತರಗೆಲೆ, ಕಸ, ಮಣ್ಣು ಪದರ ಪದರವಾಗಿ ಪೇರಿಸಿ ಬೆಂಕಿ ಕೊಟ್ಟು, ಆರಿದ ಮೇಲೆ ಬೂದಿಯ ಸಮೇತ ಗಿಡಕ್ಕೆ. ನನ್ನ ಅಮ್ಮ ಹಾಗೆ ಮಾಡಿಯೇ ಹಿತ್ತಲಲ್ಲಿ ಹೂ ಬೆಳೆದು ಮಾರಿದ್ದು. ಮಣ್ಣು ಕಲಸುವ ವಿದ್ಯೆ ನನಗೆ ಯಾರೂ ಕಲಿಸಬೇಕಿಲ್ಲ ಎಂಬ ಸೊಕ್ಕು ನನಗಿತ್ತು. ಇಲ್ಲಿ ತರಗೆಲೆ ಇಲ್ಲ. ಅಬ್ಬಾಸಿಯಾದ ಕಬಾಬ್ ಅಂಗಡಿಯಿಂದ ಇದ್ದಿಲ ಬೂದಿ ಚೀಲಗಟ್ಟಲೆ ಹೊತ್ತು ತಂದು, ಜರಡಿ ಹಿಡಿದು, ಕುಂಡಕ್ಕೆ ಎರಡೆರಡು ಬೊಗಸೆ ಬೆರೆಸಿದ್ದೆ. ಕಡೆಯ ಹನ್ನೊಂದಕ್ಕೆ ಬೂದಿ ಮುಗಿದಿತ್ತು. ಪಾಪದ ಗಿಡಗಳು ಎಂದುಕೊಂಡಿದ್ದೆ.

ಮೇಡಂಗೆ ಫೋನ್ ಮಾಡಿದೆ.

"ನಿಮ್ಮೂರ ಮಣ್ಣು ಕೆಂಪುಮಣ್ಣಲ್ವಾ?" ಅವರು ಕೇಳಿದರು. "ಅಷ್ಟು ಮಳೆಗೆ ಸುಣ್ಣದ ಅಂಶ ಎಲ್ಲಾ ತೊಳೆದುಹೋಗಿ ಹುಳಿ ಆಗಿರುತ್ತೆ. ಅದಕ್ಕೆ ಬೂದಿ ಒಳ್ಳೇದು. ಇಲ್ಲಿ ಮಳೆ ಎಲ್ಲಿದೆ? ಆ ಮರಳಿಗೆ ಒಂದು ನಿಂಬೆಹಣ್ಣು ಹಿಂಡಿ ನೋಡಿ."

ಹಿಂಡಿದೆ. ನಮ್ಮ ರಾಶಿಯ ಮರಳು ಸೋಡಾದ ಹಾಗೆ ಬುಸುಬುಸು ನೊರೆಯೆದ್ದಿತು. ಅದರ ತುಂಬ ಚಿಪ್ಪಿನ ಚೂರು. ಮೊದಲೇ ಸುಣ್ಣವಿರುವ ಮರಳಿಗೆ ನಾನು ಬೂದಿ ಬಡಿಸಿದ್ದೆ. ವಿನೆಗರ್ ಸುರಿದಾಗ ಸಂಖ್ಯೆ ಇಳಿದು ಮತ್ತೆ ಏರಿದ್ದು ಅದಕ್ಕೇ. ಹುಳಿಯನ್ನು ಸುಣ್ಣ ತಿಂದು ಮುಗಿಸುತ್ತಿತ್ತು.

ಈಗ ದಾರಿ ಎರಡು. ಒಂದು, ಅನ್ನಭೇದಿಯನ್ನು ತೆಳ್ಳಗೆ ಕಲಸಿ ಎಲೆಗೇ ಸಿಂಪಡಿಸುವುದು. ಎಲೆ ನೇರವಾಗಿ ಕುಡಿಯುತ್ತದೆ, ವಾರದಲ್ಲಿ ಕಣ್ಣಿಗೆ ಹಸಿರು ಕಾಣುತ್ತದೆ. ಪರೀಕ್ಷೆಗೆಂದು ನಾಲ್ಕು ಗಿಡಕ್ಕೆ ಸಿಂಪಡಿಸಿ ನೋಡಿದೆ, ಐದನೇ ದಿನಕ್ಕೆ ಹಸಿರು ಚುಕ್ಕಿ ಹರಡಲು ಶುರುವಾಯಿತು. ಕಫೀಲ್ ಬಂದು ನೋಡಿ ತಲೆಯಾಡಿಸಿ ಹೋಗುತ್ತಾರೆ. ಚಾಚಾ ಉಳಿಯುತ್ತಾನೆ. ಆದರೆ ಬುಡದಲ್ಲಿ ಎಂಟೂವರೆ ಎಂಟೂವರೆಯೇ. ಜೂನಿನ ಬಿಸಿಲಿಗೆ ಆ ಅಂಗಳದಲ್ಲಿ ಗಿಡಗಳು ಒಣಗಿ ನಿಂತಾಗ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಉತ್ತರ ಈಗಾಗಲೇ ನಾನು ಕೊಟ್ಟಾಗಿತ್ತು: ನೀರು.

ಎರಡು, ಎಲ್ಲವನ್ನೂ ಕಿತ್ತು, ಬೇರು ತೊಳೆದು, ಹೊಸ ಮಣ್ಣಿಗೆ ಹಾಕುವುದು. ಹಾಗೆ ಮಾಡಿದರೆ ಗಿಡ ಮೊದಲು ಎಲೆ ಉದುರಿಸುತ್ತದೆ. ತಿಂಗಳ ಕೊನೆಗೆ ಕಫೀಲ್ ಬಂದಾಗ ಶೆಡ್ಡು ಸ್ಮಶಾನದ ಹಾಗಿರುತ್ತದೆ. ಕಾರಣ ಹೇಳದೆ ಈ ಕೆಲಸಕ್ಕೆ ಕೈ ಹಾಕುವಂತೆಯೇ ಇರಲಿಲ್ಲ.

ಸಿಂಪಡಿಸುವ ಪಂಪನ್ನು ತುಂಬಿಸಿ ಬೆನ್ನಿಗೆ ಏರಿಸಿಯೂ ಆಗಿತ್ತು. ಮೊದಲ ಸಾಲಿನ ತುದಿಗೆ ಹೋಗಿ ನಿಂತೆ. ಆ ಕಡೆ ಚಾಚಾ ಸಿಹಿನೀರಿನ ವಾಲ್ವ್ ತೆರೆಯುತ್ತಿದ್ದ. ಗಿಡಕ್ಕೆ ಬಿಡುವ ಮೊದಲು ಪೈಪಿನ ನೀರನ್ನು ಅಂಗೈಗೆ ಹಿಡಿದು ನಾಲಿಗೆಗೆ ಮುಟ್ಟಿಸಿ ನೋಡಿದ. ನಾನು ದೂರು ಹೇಳಿದ ದಿನದಿಂದ ಅವನು ಪ್ರತಿ ಸಲವೂ ಹಾಗೆ ಮಾಡುತ್ತಿದ್ದಾನೆಂದು ಆಗ ಹೊಳೆಯಿತು. ಪಂಪನ್ನು ಇಳಿಸಿ ಕಫೀಲ್‌ಗೆ ಫೋನ್ ಮಾಡಿದೆ.

ಅವರು ಅವತ್ತೇ ಮಧ್ಯಾಹ್ನ ಬಂದರು. ಚಾಚಾನನ್ನೂ ನಿಲ್ಲಿಸಿಕೊಂಡು ಹೇಳಿದೆ. ಬೂದಿ ಹಾಕಿದ್ದು ನಾನು. ನೀರಿನಲ್ಲಿ ದೋಷವಿಲ್ಲ. ಇವನು ತಪ್ಪು ಮಾಡಿಲ್ಲ. ಒಂಬತ್ತು ಗಿಡ ಸಾಯಿಸಿದ್ದೂ ನಾನೇ. ಈಗ ಎಲ್ಲವನ್ನೂ ಕೀಳಬೇಕು, ಅರ್ಧ ಸತ್ತರೂ ಸಾಯಬಹುದು. ಹನ್ನೊಂದು ಹಸಿರು ಕುಂಡ ತೋರಿಸಿದೆ, ಸೀಮೆಸುಣ್ಣದ ಸಂಖ್ಯೆಗಳನ್ನು ತೋರಿಸಿದೆ.

ಕಫೀಲ್ ಸಂಖ್ಯೆಗಳನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

"ಮೂರು ವಾರ ಇವನ ಹೆಸರು. ಇವತ್ತು ನಿನ್ನ ಹೆಸರು. ನಾಳೆ ಯಾರದ್ದು?"

"ನಾಳೆಯೂ ನನ್ನದೇ ಬಾಬಾ."

"ಗಿಡ ಬದುಕಿಸು. ಆಮೇಲೆ ವಫ್ರಾಕ್ಕೆ ನೀನು. ಖಲಾಸ್."

ಅವರ ಗಾಡಿ ಹೋದ ಮೇಲೆ ನಾನು ಚಾಚಾನ ಕಡೆ ತಿರುಗಿದೆ. ಏನೋ ಒಳ್ಳೆಯ ಮಾತು ಬರಬಹುದು ಎಂಬ ಆಸೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

"ಮೂರು ವಾರ ನನ್ನ ಮಗ ಸರಿಯಾಗಿ ಉಂಡಿಲ್ಲ," ಎಂದ. "ಈಗ ನಿನಗೆ ಶುಕ್ರಿಯಾ ಹೇಳ್ಬೇಕಾ?"

"ಬೇಡ."

"ಹಾಂ. ಬೇಡ." ಅವನು ತೋಳು ಮಡಿಸಿದ. "ಯಾವ ಸಾಲಿಂದ ಕೀಳೋದು?"

ಆರು ದಿನ ಕೆಲಸ. ಬೆಳಿಗ್ಗೆ ಐದಕ್ಕೆ ಶುರು, ಬಿಸಿಲು ಏರಿದೊಡನೆ ನಿಲ್ಲಿಸುವುದು. ಶೆಡ್ಡಿಗೆ ಎರಡನೇ ಪದರ ನೆರಳು ಬಲೆ ಕಟ್ಟಿದೆವು. ಗಿಡವನ್ನು ಕುಂಡದಿಂದ ಮಗುಚಿ, ಬೂದಿ ಮಣ್ಣನ್ನು ಬೆರಳಲ್ಲಿ ಬಿಡಿಸಿ, ಎರಡು ಬಕೆಟ್ ಸಿಹಿನೀರಿನಲ್ಲಿ ಬೇರು ಅದ್ದಿ ತೊಳೆಯುವುದು. ಕಂದಿದ ಬೇರು ಕತ್ತರಿಸಿ, ಅಷ್ಟೇ ಪ್ರಮಾಣದಲ್ಲಿ ಮೇಲಿನ ಕೊಂಬೆಯನ್ನೂ ಕತ್ತರಿಸುವುದು. ಹೊಸ ಮಿಶ್ರಣದಲ್ಲಿ ಹುಳಿ ಗುಣದ ಪೀಟ್ ಮಾಸ್ ಹೆಚ್ಚು, ಚಿಪ್ಪಿನ ಮರಳಿನ ಬದಲು ನಿಂಬೆ ಹಿಂಡಿದರೂ ನೊರೆ ಬಾರದ ದಪ್ಪ ಮರಳು, ಕುಂಡಕ್ಕೆ ಒಂದು ಚಮಚ ಗಂಧಕದ ಪುಡಿ. ಗಂಧಕ ನಿಧಾನ. ಮಣ್ಣಿನೊಳಗಿನ ಕಣ್ಣಿಗೆ ಕಾಣದ ಜೀವಗಳು ಅದನ್ನು ಹುಳಿಯಾಗಿ ಮಾಡಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ, ಬಿಡುವ ನೀರಿಗೇ ನಿಂಬೆ ಉಪ್ಪು ಚಿಟಿಕೆ ಚಿಟಿಕೆ ಹಾಕಿ, ಮೀಟರ್ ಆರಕ್ಕೆ ಬರುವವರೆಗೆ ಕಲಕುವುದು. ಕಬ್ಬಿಣಕ್ಕೆ ಚೀಲೇಟ್ ಎಂಬ ಕೆಂಪು ಪುಡಿ; ಕ್ಷಾರ ಮಣ್ಣಿನಲ್ಲೂ ಅದರ ಕಬ್ಬಿಣ ಬೇರಿಗೆ ಸಿಗುತ್ತದೆ.

ಹತ್ತು ದಿನ ಶೆಡ್ಡಿನಲ್ಲಿ ಬೋಳು ಕಡ್ಡಿಗಳೇ. ನಾನು ಉಗುರಿನಿಂದ ತೊಗಟೆ ಗೀರಿ ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದೆ, ದಿನಕ್ಕೆ ಎಷ್ಟು ಸಲವೋ. ಚಾಚಾ ನನ್ನ ಕೈ ಹಿಡಿದು ದೂಡಿದ.

"ಗಾಯ ಮಾಡಿ ಮಾಡಿ ನೀನೇ ಕೊಲ್ತೀಯ. ಹೋಗು, ಚಹಾ ಕುಡಿ."

ಹನ್ನೊಂದನೆಯ ದಿನ ಮೊದಲ ಚಿಗುರು. ಅಕ್ಕಿಕಾಳಿನಷ್ಟು. ಆಮೇಲೆ ಒಂದೊಂದು ಸಾಲಿನಲ್ಲಿ ಎರಡು, ಮೂರು. ಹದಿನೇಳು ಗಿಡ ಏಳಲೇ ಇಲ್ಲ. ಉಳಿದವು ಬಿಟ್ಟ ಎಲೆ ಹಸಿರು, ನರವೂ ಹಸಿರು. ಏಪ್ರಿಲ್ ಹೊತ್ತಿಗೆ ಗಿಡಗಳು ಅಂಗಳಕ್ಕೆ ಹೋಗುವಷ್ಟು ದೊಡ್ಡವಾಗಲಿಲ್ಲ. ಕಫೀಲ್ ಅಕ್ಕನಿಗೆ ಚಳಿಗಾಲದ ಮಾತು ಕೊಟ್ಟರಂತೆ. ನನಗೆ ಕೊಟ್ಟ ಮಾತನ್ನೂ ಮರೆಯಲಿಲ್ಲ. ಮೇ ಮೊದಲ ವಾರ ವಫ್ರಾದ ಪಿಕಪ್ ಬಂತು.

ಹೋಗುವ ಮೊದಲು ಚಾಚಾನಿಗೆ ಎಲ್ಲ ಒಪ್ಪಿಸಿದ್ದೆ. ಹೊಸ ಪೆನ್ ಮೀಟರ್ ತೆಗೆದುಕೊಟ್ಟಿದ್ದೆ. ಅವನಿಗೆ ಓದು ಬಾರದು, ಅಂಕಿ ಬರುತ್ತದೆ. ನನಗಿಂತ ಚೊಕ್ಕವಾಗಿ ಲೋಟ ತೊಳೆಯುತ್ತಿದ್ದ.

ಚೀಲ ಎಸೆದು ಪಿಕಪ್ ಏರುವಾಗ ಚಾಚಾ ಶೆಡ್ಡಿನಿಂದ ಮೀಟರ್ ಹಿಡಿದುಕೊಂಡೇ ಬಂದ. ಬೀಳ್ಕೊಡಲು ಅಲ್ಲ.

"ಎರಡನೇ ಸಾಲು, ಆರನೇ ಕುಂಡ. ನಿನ್ನೆ ಆರೂವರೆ. ಇವತ್ತು ಏಳು ಪಾಯಿಂಟ್ ಎರಡು."

ನನ್ನ ಕೈ ಬಾಗಿಲ ಹಿಡಿಯಿಂದ ಜಾರಿತು. ನಿಂಬೆ ಉಪ್ಪು ಎಷ್ಟು, ನೀರು ಎಷ್ಟು, ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ಇಳಿದು ಓಡಬೇಕು ಎನಿಸಿತು. ಡ್ರೈವರ್ ಹಾರ್ನ್ ಹೊಡೆದ. "ಯಲ್ಲಾ, ಯಲ್ಲಾ!"

"ಶೆಡ್ಡು ನಿನ್ನದು ಚಾಚಾ," ಎಂದೆ. "ನೀನೇ ಹೇಳು, ಏನು ಮಾಡ್ತೀಯ?"

ಅವನು ಮೀಟರಿನ ತುದಿಯನ್ನು ಅಂಗಿಯ ಅಂಚಿನಲ್ಲಿ ಒರೆಸಿ ಮುಚ್ಚಳ ಹಾಕಿದ. ಯೋಚಿಸಿದ. ಡ್ರೈವರ್ ಇನ್ನೊಮ್ಮೆ ಹಾರ್ನ್ ಹೊಡೆದರೂ ಅವನಿಗೆ ಅವಸರವಿರಲಿಲ್ಲ.

"ಇವತ್ತು ಏನೂ ಹಾಕಲ್ಲ," ಎಂದ. "ಎರಡು ದಿನ ನೋಡ್ತೇನೆ."

ನಾನು ಬಾಗಿಲು ಎಳೆದುಕೊಂಡೆ.